ನೆಲಕ್ಕಿಳಿಯದ ಮರಿ

ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಕನಕಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಹೆಂಗಸಿನ ಬ್ಯಾಗಿನಿಂದ ಕಂದು ನಾಯಿಮರಿಯೊಂದು ತಲೆ ಹೊರಗೆ ಹಾಕಿ ಕುಂಯ್‌ಗುಡುತ್ತಿತ್ತು. ಅವಳ ಊರಿನವರೇ ಇರಬೇಕು, ರೇಷ್ಮೆಗೂಡು ಮಾರಿ ಬಂದ ಹಿರಿಯರೊಬ್ಬರು ಹತ್ತಿರ ಕೂತರು.

“ಏನವ್ವ ರಾಧಾಮಣಿ, ಒಸಿ ಕೆಳಕ್ಕೆ ಬುಡಬಾರ್ದಾ ಅದನ್ನ?”

“ಬ್ಯಾಡ ಬೈರಪ್ಪ ಮಾವ. ಇಲ್ಲೆಲ್ಲ ಬೀದಿನಾಯಿ ಓಡಾಡ್ತವೆ.”

“ಇಂಜೆಕ್ಷನ್ ಹಾಕ್ಸಿಲ್ವಾ?”

“ಕೊನೇದು ಇವತ್ತು ಹಾಕ್ಸ್ದೆ. ಅದು ಮೈಗೆ ಹತ್ತಕ್ಕೆ ಎರಡು ವಾರ ಬೇಕಂತೆ. ಅಲ್ಲೀಗಂಟ ನೆಲಕ್ಕೆ ಬುಡಬ್ಯಾಡಿ ಅಂದ್ರು ಡಾಕ್ಟ್ರು.”

“ನಿನ್ನ ಮಕ್ಕಳನ್ನೂ ಹಿಂಗೆ ಹೊತ್ತಿರ್ಲಿಲ್ಲ ಕಣವ್ವ!”

“ನಗಬ್ಯಾಡಿ ಮಾವ. ಹೋದ್ಸಲದ ಮರಿ ರಕ್ತಭೇದಿ ಆಗಿ ಮೂರೇ ದಿನಕ್ಕೆ ಹೋಯ್ತು. ಮಗಳು ಸರ್ಯಾಗಿ ಉಣ್ಣಕ್ಕೆ ವಾರ ಆಯ್ತು. ಆ ರೋಗ ಚಪ್ಪಲೀಲೂ ಬತ್ತದಂತೆ.”

“ಚಪ್ಪಲೀಲಾ?”

“ನಿಮ್ಮ ರೇಷ್ಮೆಹುಳದ ಮನೆಗೆ ನಾನು ಚಪ್ಪಲಿ ಮೆಟ್ಕೊಂಡು ಬಂದ್ರೆ ಬುಡ್ತೀರಾ?”

“ಬಾಗ್ಲಲ್ಲೇ ಕಾಲು ಮುರೀತೀನಿ! ಒಂದಕ್ಕೆ ಸೋಂಕು ತಗುಲಿದ್ರೆ ಬೆಳೆ ಎಲ್ಲ ಹೋಯ್ತದೆ.”

“ಇದೂ ಅಂಗೇಯ.”

ಬೈರಪ್ಪ ಚಪ್ಪಲಿ ಕಾಲನ್ನು ಮೆಲ್ಲಗೆ ಬ್ಯಾಗಿನಿಂದ ದೂರ ಎಳೆದುಕೊಂಡರು.

ಅವರೂರಿನ ಕಡೆಯ ಕೈಲಾಂಚದ ಬಸ್ಸು ಬಂತು, ಜನ ಬಾಗಿಲಿಗೆ ಮುಗಿಬಿದ್ದರು.

“ಮರಿ ಇಲ್ಲಿ ಕೊಡವ್ವ, ನೀನು ನನ್ನ ಹಿಂದೆ ಬಾ,” ಅಂದವರೇ ಬೈರಪ್ಪ ಮರಿಯ ತಲೆಯನ್ನು ಒಳಗೊತ್ತಿ, ಬ್ಯಾಗನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಕೂಗಿದರು: “ದಾರಿ ಬುಡ್ರಪ್ಪ, ಎಳೆ ರೇಷ್ಮೆಹುಳ ಐತೆ, ಯಾರೂ ಮುಟ್ಟಬ್ಯಾಡಿ!”

ನೂಕಾಡುತ್ತಿದ್ದವರೆಲ್ಲ ತಟ್ಟನೆ ಎರಡು ಕಡೆಗೂ ಸರಿದು ನಿಂತರು. ಬ್ಯಾಗು ಬೊಗಳುವ ಹೊತ್ತಿಗೆ ಇಬ್ಬರೂ ಸೀಟು ಹಿಡಿದಾಗಿತ್ತು.