ಎದುರುಬದುರು ಕೂತ ಶನಿ, ಕುಜ ಮತ್ತು ಒಂದು ಬಸ್ಸು

ಕುರ್ಚಿ ತುಂಬ ಕೂತಿರುವ ಅಧ್ಯಕ್ಷರೇ, ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಡಿಪೋದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ, ಊಟದ ವಾಸನೆಗೆ ಕಟ್ಟುಬಿದ್ದು ಕೂತಿರುವ ಸಭಿಕರೇ,

ಮೊದಲೇ ಹೇಳಿಬಿಡುತ್ತೇನೆ. ಸೂರ್ಯ ದಿನಾ ಏಳುವುದು ನನ್ನ ಅಂಗಡಿಯ ಗಡಿಯಾರ ನೋಡಿಕೊಂಡು. ಗಡಿಯಾರ ರಿಪೇರಿಯಲ್ಲಿ ನನ್ನನ್ನು ಮೀರಿಸುವವನು ಭೂಮಿಯ ಮೇಲಿಲ್ಲ. ಬೇರೆ ಕಡೆ ವಿಚಾರಿಸಿಲ್ಲ.

ಇಂದು ನೀವು ಸನ್ಮಾನಿಸುತ್ತಿರುವುದು ಯಾರನ್ನು? ಇಷ್ಟು ವರ್ಷ ಒಂದೂ ಅಪಘಾತವಿಲ್ಲದೆ ಬಸ್ಸು ಓಡಿಸಿದ ನನ್ನ ಅಕ್ಕನ ಮಗಳನ್ನು. ಅವಳನ್ನು ಸ್ಟೇರಿಂಗಿನ ಮುಂದೆ ಕೂರಿಸಿದವರು ಯಾರು? ನಾನೇ. ಅಂದರೆ, ಹೆಚ್ಚುಕಡಿಮೆ ನಾನೇ.

ಕೆಲಸದ ಆರ್ಡರು ಬಂದ ದಿನ ನಮ್ಮಕ್ಕ ಜಾತಕ ಹಿಡಿದು ಜ್ಯೋತಿಷಿಯ ಮನೆಗೆ ಓಡಿದಳು. ಅವರು ಕನ್ನಡಕ ಏರಿಸಿ, "ಶನಿ, ಕುಜ ಎದುರುಬದುರು ಕೂತು ದುರುಗುಟ್ಟಿ ನೋಡ್ತಿದ್ದಾರೆ. ಕಷ್ಟದ ದೃಷ್ಟಿ" ಅಂದರು. ಅಷ್ಟು ಸಾಕಾಯಿತು. ಪೂರ್ತಿ ಕೇಳುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. ಅಕ್ಕ "ಬಸ್ಸೂ ಬೇಡ, ಗಿಸ್ಸೂ ಬೇಡ" ಎಂದು ಆರ್ಡರನ್ನು ಬೀರುವಿನಲ್ಲಿಟ್ಟು ಬೀಗ ಜಡಿದಳು. ಹುಡುಗಿ ಊಟ ಬಿಟ್ಟಳು.

ಆಗ ನಾನು ರಂಗಕ್ಕಿಳಿದೆ. ಇವಳು ಹುಟ್ಟಿದ ಹೊತ್ತನ್ನು ಬರೆದುಕೊಂಡದ್ದು ಅಕ್ಕನ ಮನೆಯ ಗೋಡೆ ಗಡಿಯಾರ ನೋಡಿ. ಅದನ್ನು ರಿಪೇರಿ ಮಾಡಿದವನು ನಾನು. ನಾನು ಮುಟ್ಟಿದ ಮೇಲೆ ಅದು ಸರಿಯಾದ ಹೊತ್ತು ತೋರಿಸೀತೇ? ಮಾನ ಹೋದರೂ ಹೋಗಲಿ ಎಂದು ಅಕ್ಕನನ್ನೂ ಹುಡುಗಿಯನ್ನೂ ಕರೆದುಕೊಂಡು ಹೋಗಿ, "ಸ್ವಾಮಿ, ಆ ಗಡಿಯಾರ ಅರ್ಧ ಗಂಟೆ ಮುಂದೆ ಓಡ್ತಿತ್ತು. ಹಿಂದಕ್ಕೆ ತಿರುಗಿಸಿ, ಇಬ್ಬರೂ ಎದ್ದು ಹೋಗ್ತಾರೆ" ಅಂದೆ.

ಅವರು ನಕ್ಕು ನಕ್ಕು ಕೆಮ್ಮಿದರು. "ಅಯ್ಯಾ, ಅವು ಗ್ರಹಗಳು, ನಿನ್ನ ಗಡಿಯಾರದ ಮುಳ್ಳಲ್ಲ. ಇಡೀ ದಿನ ತಿರುಗಿಸಿದರೂ ಅಲ್ಲೇ ಕೂತಿರ್ತವೆ. ಕುಜ ನುಗ್ಗು ಅಂತಾನೆ, ಶನಿ ತಡಿ ಅಂತಾನೆ. ಬದುಕಿಡೀ ಜಗ್ಗಾಟ. ಕಷ್ಟ ಅಂದೆ, ಕೆಟ್ಟದ್ದು ಅಂದೆನಾ?"

ಬಾಗಿಲಿಗೆ ಒರಗಿದ್ದ ಹುಡುಗಿ ಆಗ ಬಾಯಿ ಬಿಟ್ಟಳು. "ಒಬ್ಬ ಆಕ್ಸಿಲರೇಟರ್ರು, ಇನ್ನೊಬ್ಬ ಬ್ರೇಕು. ಬ್ರೇಕಿಲ್ಲದ ಬಸ್ಸು ನೀನು ಹತ್ತುತ್ತೀಯಾ ಮಾವ?"

ಜ್ಯೋತಿಷಿ "ನಾಳೆನೇ ಸೇರಮ್ಮ" ಅಂದರು. ಅಕ್ಕ ಬೀಗ ತೆಗೆದಳು.

ನಾನು ಮೆಚ್ಚಿದೆನೇ? ಇಲ್ಲ, ಸಭಿಕರೇ. ಗಡಿಯಾರದ ಅವಮಾನ ಒಳಗೇ ಉರಿಯುತ್ತಿತ್ತು. "ವರ್ಷದೊಳಗೆ ಇವಳು ಬಸ್ಸನ್ನು ಗೋಡೆಗೆ ತಿಕ್ಕದಿದ್ದರೆ ಕೇಳಿ" ಎಂದು, ಇವಳ ಕಿವಿಗೆ ಬೀಳದಂತೆ, ಜ್ಯೋತಿಷಿಯ ಜೊತೆಗೇ ಬಾಜಿ ಕಟ್ಟಿದೆ. ಆ ವರ್ಷವಿಡೀ ನಿಲ್ದಾಣದಲ್ಲಿ ಇವಳ ಬಸ್ಸಿಗೆ ಸುತ್ತು ಹಾಕಿ ಗೀರು ಹುಡುಕುತ್ತಿದ್ದೆ. ಇವಳೋ, ನನ್ನನ್ನು ನೋಡೋಕೆ ಮಾವ ಬಂದಿದ್ದಾನೆ ಎಂದು ಕಿಟಕಿಯಿಂದ ಕೈ ಬೀಸುತ್ತಿದ್ದಳು. ನಾನೂ ಬೀಸುತ್ತಿದ್ದೆ, ಬೀಸದಿರಲು ಆಗುತ್ತದೆಯೇ? ಗೀರು ಸಿಗಲೇ ಇಲ್ಲ.

ಮೊನ್ನೆ ಇವಳು ಅಂಗಡಿಗೆ ಬಂದು, "ಮಾವ, ಎಲ್ಲರೂ ಹೆದರಿದಾಗ ನನ್ನ ಮೇಲೆ ನಂಬಿಕೆ ಇಟ್ಟವನು ನೀನೊಬ್ಬನೇ. ನೀನೇ ಮಾತಾಡಬೇಕು" ಅಂದಳು. ಹೂಂ ಅಂದುಬಿಟ್ಟೆ. ಈಗ ಅವಳ ಮುಖ ನೋಡುವ ಧೈರ್ಯವಿಲ್ಲದೆ ಮೈಕನ್ನೇ ನೋಡುತ್ತಿದ್ದೇನೆ.

ಬಾಜಿಯಲ್ಲಿ ಇನ್ನೂರು ರೂಪಾಯಿ ಹೋಯಿತೆಂದು ನನ್ನ ಹೆಂಡತಿಗೆ ಹೇಳಿದ್ದೆ. ಅವಳು ಮುಂದಿನ ಸಾಲಿನಲ್ಲಿದ್ದಾಳೆ. ಪಕ್ಕದಲ್ಲಿ ಜ್ಯೋತಿಷಿ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಾರೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಮನೆಗೆ ಹೋದ ಮೇಲೆ ನಾನು ಸಹಿಸಿಕೊಳ್ಳಬೇಕಾದ ನನ್ನ ಹೆಂಡತಿಗೂ ವಂದನೆಗಳು, ನಮಸ್ಕಾರ. ಬಾಜಿಯಲ್ಲಿ ಹೋದದ್ದು ಹದಿನೆಂಟು ಸಾವಿರ.