‘ಫೋರ್’ ಅಂದರೆ ಬರುವವನು

2024ರ ಫೆಬ್ರವರಿ 16, ಶುಕ್ರವಾರ. ಹಗಲೆಲ್ಲ ಒಣ ಬಿಸಿಲು, ಸಂಜೆ ಕೆಂಪು ಧೂಳಿನ ಗಾಳಿ. ರಾತ್ರಿ ಒಂಬತ್ತರ ಹೊತ್ತಿಗೆ ಗಾಳಿ ಪೂರ್ತಿ ನಿಂತುಹೋಗಿತ್ತು.

ನಮ್ಮ ದೇಶನೂರಿನ ಡ್ರಿಲ್ ಮಾಸ್ತರ ಹುಲಿಗೇಶ್ ಆ ಹೊತ್ತಿನಲ್ಲಿ ಬಳ್ಳಾರಿ ಕಂಟೋನ್ಮೆಂಟಿನ ಹಳೇ ಕ್ಲಬ್ಬಿನ ಗಾಲ್ಫ್ ಮೈದಾನ ದಾಟಿ ಮಾವನ ಮನೆಗೆ ಹೊರಟಿದ್ದ. ಒಬ್ಬನೇ. ಮೈದಾನದ ಏಳನೇ ಹೋಲಿನ, ಅಂದರೆ ಚೆಂಡು ಬೀಳಿಸುವ ಕುಳಿಯ, ಪಕ್ಕ ಒಂದು ಬಾವಿ ಇದೆ. ಬಾವಿಯ ಮೇಲೆ ಬಾಗಿದ ಆಲದ ಮರ. ಕಾಲುದಾರಿ ಅದರ ಬುಡದಲ್ಲೇ ಹಾಯುತ್ತದೆ.

ಎಲ್ಲೋ ದೂರದಲ್ಲಿ ಹುಲ್ಲಿಗೆ ನೀರು ಚಿಮ್ಮುವ ಸದ್ದು... ಚಿಟ್, ಚಿಟ್, ಚಿಟ್, ಚಿಟ್... ಸರ್‍ರ್ ಅಂತ ಒಂದು ಸುತ್ತು. ಮತ್ತೆ ಚಿಟ್, ಚಿಟ್.

ಹುಲಿಗೇಶನಿಗೆ ಆ ಸದ್ದಿನ ಮೇಲೂ ಸಿಟ್ಟಿತ್ತು. ಅವನ ಸಿಟ್ಟಿಗೆ ಕಾರಣ ಷಡ್ಡಕ.

ಮಾವ ಕಾಡಸಿದ್ದಪ್ಪ ಆ ಕ್ಲಬ್ಬಿನಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ಕ್ಲಬ್ಬಿಗೆ ನೂರೈವತ್ತು ವರ್ಷ ತುಂಬಿತೆಂದು ದೊಡ್ಡ ಟೂರ್ನಮೆಂಟ್ ಇಟ್ಟರು. ದಿಲ್ಲಿಯವರು, ಕೋಲ್ಕತ್ತದವರು, ಶ್ರೀಲಂಕಾದವರು ಆಡಲು ಬಂದರು. ನಾಲ್ಕು ದಿನದ ಆಟಕ್ಕೆ ಅರವತ್ತು ಜನ ಸ್ವಯಂಸೇವಕರು ಬೇಕಾದರು. ಸಂಬಳವಿಲ್ಲ, ಒಂದು ಟೀ ಶರ್ಟು, ಒಂದು ಟೊಪ್ಪಿಗೆ, ಮಧ್ಯಾಹ್ನದ ಊಟ. ಕಾಡಸಿದ್ದಪ್ಪ ತಮ್ಮ ಇಬ್ಬರೂ ಅಳಿಯಂದಿರ ಹೆಸರು ಬರೆಸಿದರು. ದೊಡ್ಡ ಅಳಿಯ ಹುಲಿಗೇಶ್. ಚಿಕ್ಕ ಅಳಿಯ ಚನ್ನಬಸವರಾಜ, ಕುರುಗೋಡಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು.

“ಕಡೀ ದಿನ ಚೊಲೋ ಕೆಲಸ ಮಾಡಿದ ಒಬ್ರ ಹೆಸರು ಮೈಕಿನಾಗ ಕರೀತಾರ,” ಎಂದಿದ್ದರು ಮಾವ. “ಆ ಮೈಕಿನಾಗ ನಲವತ್ತು ವರ್ಷ ಯಾರ್‍ಯಾರದೋ ಹೆಸರು ಕೇಳೀನಿ. ನಮ್ಮ ಮನಿಯೋರ್ದು ಒಂದ್ಸಲ ಕೇಳಬೇಕು ನೋಡ್ರಿ.”

ಹೇಳುವಾಗ ಅವರ ಕಣ್ಣು ಚಿಕ್ಕ ಅಳಿಯನ ಮೇಲಿತ್ತು.

ಹುಲಿಗೇಶ್ ಅದನ್ನು ಕಂಡ. ಷಡ್ಡಕ ಆ ಮನೆಯ ಹೊಸ್ತಿಲು ದಾಟಿದ ದಿನದಿಂದ ಇಂಥವನ್ನು ಕಾಣುತ್ತಲೇ ಬಂದಿದ್ದ. ಹೋಳಿಗೆಗೆ ತುಪ್ಪ ಬಡಿಸುವಾಗ ಅತ್ತೆಯ ಕೈ ಚನ್ನಬಸವರಾಜನ ಎಲೆಯ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಯಾರಿಗೂ ಹೇಳುವಂಥದ್ದಲ್ಲ. ಮರೆಯುವಂಥದ್ದೂ ಅಲ್ಲ.

ಈಗಲೂ ಹಾಗೇ ಆಯಿತು. ಚನ್ನಬಸವರಾಜನಿಗೆ ಅಂಕದ ಹಲಗೆ ಹಿಡಿದು, ಎಲ್ಲರಿಗಿಂತ ಮುಂದಿರುವ ಆಟಗಾರರ ಜೊತೆ, ಹಗ್ಗದ ಒಳಗೆ ನಡೆಯುವ ಕೆಲಸ. ಟೀವಿಯಲ್ಲಿ ಕಾಣುವ ಕೆಲಸ. ಹುಲಿಗೇಶನಿಗೆ ಸಿಕ್ಕಿದ್ದು ಬಾವಿ. ದಿಕ್ಕು ತಪ್ಪಿ ಅಲ್ಲಿಗೆ ಚೆಂಡು ಬಂದರೆ ಬಿದ್ದ ಜಾಗದಲ್ಲಿ ಬಾವುಟ ಊರಬೇಕು. ಎರಡು ದಿನದಲ್ಲಿ ಮೂರು ಚೆಂಡು ಬಂದಿದ್ದವು.

ಮೊದಲ ದಿನವೇ ಕ್ಲಬ್ಬಿನ ಮುದಿ ಕಾವಲುಗಾರ ಉಚ್ಚೆಂಗೆಪ್ಪ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

“ಮಾಸ್ತರ, ಚೆಂಡು ಅಡ್ಡ ಬಂದ್ರ ಏನಂತ ಒದರ್ತೀರಿ?”

“ಫೋರ್ ಅಂತ. ಟ್ರೇನಿಂಗಿನಾಗ ಹೇಳಿಕೊಟ್ಟಾರ. ತಲಿ ಜ್ವಾಕಿ ಅಂತ ಅರ್ಥ.”

“ಹಗಲಿನಾಗ ಒದರ್ರಿ. ಹೊತ್ತು ಮುಳುಗಿದ ಮ್ಯಾಲ ಬ್ಯಾಡ್ರಿ.”

“ಯಾಕ?”

ಉಚ್ಚೆಂಗೆಪ್ಪ ದನಿ ತಗ್ಗಿಸಿದ. “ಇಂಗ್ಲಿಷರ ಕಾಲದಾಗ ಇಲ್ಲಿ ಚೆಂಡು ಹುಡುಕೋನು ಒಬ್ಬ ಇದ್ದ. ಮೀಸಿ ಬೆಳ್ಳಗಾಗಿತ್ತು. ಆದ್ರೂ ದೊರಿಗಳು ಪೋರಾ ಅಂತನ ಕರೀತಿದ್ರು. ಒಂದಿನ ಸಂಜಿಮುಂದ ಅಲ್ಲಿಂದ ಫೋರ್ ಅಂತ ಒದರಿದ್ರು... ಇವನಿಗೆ ಪೋರಾ ಅಂದಂಗ ಕೇಳಿಸ್ತು. ಬಗ್ಗಬೇಕಾದಾಂವ ತಲಿ ಎತ್ತಿ, ದೊರಿ ಕರದ್ರು ಅಂತ, ಅವರ ಕಡೀಗೇ ಓಡಿದ.”

ಚೆಂಡು ಬಡಿದ ಜಾಗವನ್ನು ತನ್ನ ಕಣತಲೆಯ ಮೇಲೆ ಬೆರಳಿಟ್ಟು ತೋರಿಸಿದ.

“ಹೆಸರೇನಿತ್ತು ಅವಂದು?”

“ಯಾರಿಗ್ ಗೊತ್ರಿ. ಪೋರಾ ಅಂತಿದ್ರು, ಅಷ್ಟ... ಈಗೂ ಕತ್ತಲಾಗ ಫೋರ್ ಅಂದ್ರ ಬರ್ತಾನ. ಕೆಲಸ ಏನು ಅಂತ ಕೇಳ್ತಾನ. ಏನಿಲ್ಲಪ, ಹೋಗು ಅಂದ್ರ ಹೊಳ್ಳಿ ಹೋಗ್ತಾನ, ಪಾಪ. ಕೆಲಸ ಮಾತ್ರ ಹೇಳಬಾರ್ದು.”

“ಹೇಳಿದ್ರ?”

“ಮಾಡ್ತಾನ.” ಮುದುಕ ಎದ್ದು ಅಂಗಿಯ ಧೂಳು ಝಾಡಿಸಿಕೊಂಡ. “ಆದ್ರ ಕೂಲಿ ಬಿಡಂಗಿಲ್ಲ.”

ಹುಲಿಗೇಶ್ ನಕ್ಕಿದ್ದ. “ಪುಗಸಟ್ಟೆ ಕೆಲಸ ಮಾಡೋ ನಮಗಿಂತ ಅಂವ ಶಾಣ್ಯಾ ಅದಾನ ಬಿಡು.”

ಆ ಶುಕ್ರವಾರ ರಾತ್ರಿ ಆಲದ ಮರಕ್ಕೆ ಇನ್ನೂ ನೂರು ಹೆಜ್ಜೆ ಇರುವಾಗ ಅವನಿಗೆ ಮುಂದೆ ಒಂದು ಬೆಳಕು ಕಂಡಿತು. ಮೊಬೈಲಿನ ಬೆಳಕು. ಚನ್ನಬಸವರಾಜ ಕುರುಗೋಡಿನಲ್ಲಿದ್ದ ಹೆಂಡತಿಯ ಜೊತೆ ಸ್ಪೀಕರ್ ಹಾಕಿಕೊಂಡು ಮಾತಾಡುತ್ತ ನಿಧಾನಕ್ಕೆ ಹೋಗುತ್ತಿದ್ದ. ಗಾಳಿ ಇಲ್ಲದ ರಾತ್ರಿ. ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು.

“ಶೀಲಾ, ರವಿವಾರ ಟೀವಿ ಮುಂದ ಕುಂದ್ರು. ಹೆಸರು ನಂದ ಅಂತ ಎಲ್ಲಾರೂ ಅನ್ನಾಕತ್ಯಾರ... ಅಣ್ಣಾರಾ? ಪಾಪ, ಬಾವಿ ಕಾಯಾಕತ್ಯಾರ. ಯಾರರ ಎತ್ಕೊಂಡು ಹೋದ್ರ ಅಂತ!”

ಆ ಕಡೆಯಿಂದ ನಗು. ಈ ಕಡೆಯಿಂದಲೂ ನಗು.

ಹುಲಿಗೇಶ್ ನಿಂತುಬಿಟ್ಟ. ಕಿವಿ ಕಾದವು. ಸದ್ದಾಗದಂತೆ ಮುಂದೆ ಸಾಗಿ ಆಲದ ಬಿಳಲುಗಳ ಹಿಂದೆ ಸರಿದ. ಹೆದರಿಸಬೇಕು, ಅಷ್ಟೇ. ಬೇರೇನೂ ಅವನ ಮನಸ್ಸಿನಲ್ಲಿರಲಿಲ್ಲ. ಎದೆ ತುಂಬ ಉಸಿರು ತುಂಬಿಕೊಂಡ... ಶಾಲೆಯ ಮೈದಾನದಲ್ಲಿ ನಾನೂರು ಮಕ್ಕಳನ್ನು ಒಂದೇ ಕೂಗಿಗೆ ನಿಲ್ಲಿಸುವ ದನಿ ಅವನದು.

“ಫೋರ್!”

ಮೊಬೈಲು ನೆಲಕ್ಕೆ ಬಿತ್ತು. ಚನ್ನಬಸವರಾಜ “ಯವ್ವಾ” ಅಂದ, ಬಗ್ಗಿ ಅದನ್ನು ಬಾಚಿಕೊಂಡು ಓಡಿದ. ಬೆಳಕು ಕುಣಿಯುತ್ತ, ಕುಣಿಯುತ್ತ, ಕಾಂಪೌಂಡಿನ ಆಚೆ ಮಾಯವಾಯಿತು. ಹುಲಿಗೇಶ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ಎಷ್ಟೋ ವರ್ಷಗಳ ನಗು.

ಆಗ ನೀರಿನ ಸದ್ದು ನಿಂತಿತು. ಚಿಟ್, ಚಿಟ್... ಇಲ್ಲ.

ಬಾವಿಯ ಕಡೆಯಿಂದ ಒಂದು ಹೆಜ್ಜೆ. ಟಪ್. ಒಣ ಎಲೆಯ ಮೇಲೆ ಇನ್ನೊಂದು ಕಾಲು ಎಳೆದ ಸದ್ದು... ಸರ್‍ರ್. ಟಪ್... ಸರ್‍ರ್.

“ಬಂದೆ, ದೊರಿ.”

ಮುದಿ ದನಿ. ಓಡಿ ಬಂದವರ ಹಾಗೆ ಏದುಸಿರು.

“ಯಾರು?” ಹುಲಿಗೇಶನ ಬಾಯಲ್ಲಿ ಪಿಸುಮಾತಷ್ಟೇ ಬಂತು.

“ಕರದ್ರಲ್ಲ.”

“ನಾನು... ನಾನ್ ಕರೀಲಿಲ್ಲ.”

“ಪೋರಾ ಅಂದ್ರಿ. ಕೆಲಸ ಹೇಳ್ರಿ.”

ಬಿಳಲುಗಳ ನಡುವೆ ಬಿಳಿ ರುಮಾಲು ಕಂಡಿತು. ರುಮಾಲಿನ ಕೆಳಗೆ ಕಣತಲೆಯಲ್ಲಿ ನಿಂಬೆಹಣ್ಣು ಹಿಡಿಸುವಷ್ಟು ತಗ್ಗು. ಮುಖ ಕಾಣಲಿಲ್ಲ. ಎರಡು ಕೈ ಕಟ್ಟಿಕೊಂಡು, ಬಾಗಿ, ಕಾಯುತ್ತ ನಿಂತ ಆಕಾರ.

ಹುಲಿಗೇಶನಿಗೆ ಉಚ್ಚೆಂಗೆಪ್ಪ ಹೇಳಿದ್ದು ನೆನಪಿತ್ತು. ಮುಂದೆ ಅವನೇ ಹೆಂಡತಿಯ ಹತ್ತಿರ ಒಪ್ಪಿಕೊಂಡ, ಅಕ್ಷರ ಅಕ್ಷರ ನೆನಪಿತ್ತು ಅಂತ. ‘ಏನಿಲ್ಲಪ, ಹೋಗು’. ಎರಡೇ ಮಾತು. ನಾಲಿಗೆಯ ತುದಿಗೂ ಬಂದಿದ್ದವು. ಆದರೆ ಅದೇ ಗಳಿಗೆಯಲ್ಲಿ ಕಿವಿಯಲ್ಲಿ ಷಡ್ಡಕನ ನಗು ಇನ್ನೂ ಆಡುತ್ತಿತ್ತು... ಯಾರರ ಎತ್ಕೊಂಡು ಹೋದ್ರ ಅಂತ. ಹೊಟ್ಟೆಯ ಉರಿ ಆರಿರಲಿಲ್ಲ.

“ಅವನ ಜಾಗದಾಗ ನಾ ಇರಬೇಕು,” ಅಂದ. “ರವಿವಾರ ಮೈಕಿನಾಗ ನನ್ನ ಹೆಸರು ಬರಬೇಕು. ಅವಂದಲ್ಲ.”

“ಆತು, ದೊರಿ. ಕೂಲಿ?”

“ನಿನಗೇನ್ ಬೇಕೋ ತಗೋ.”

“ಹೂಂ. ನಿಮ್ಮ ಹೆಸರೇನ್ರಿ?”

“ಹುಲಿಗೇಶ್.”

“ಹುಲಿಗೇಶ್,” ಅಂದಿತು ಆ ದನಿ. ಮತ್ತೆ, ಇನ್ನೂ ಮೆಲ್ಲಗೆ, “ಹುಲಿಗೇಶ್.” ಟಪ್... ಸರ್‍ರ್. ಟಪ್... ಸರ್‍ರ್. ಹೆಜ್ಜೆ ಬಾವಿಯ ಕಡೆಗೆ ಹೋಯಿತು. ಚಿಟ್, ಚಿಟ್, ಚಿಟ್... ನೀರು ಮತ್ತೆ ಚಿಮ್ಮತೊಡಗಿತು.

ಬೆಳಗಾಗುವಷ್ಟರಲ್ಲಿ ಮಾವನ ಮನೆಯಲ್ಲಿ ಗದ್ದಲ. ಪಡಸಾಲೆಯ ಮಂಚದ ಮೇಲೆ ಚನ್ನಬಸವರಾಜ ಕಾಲು ಚಾಚಿ ಕೂತಿದ್ದ. ಹಿಮ್ಮಡಿಯ ಗಂಟು ಬೆಲ್ಲದಚ್ಚಿನ ಹಾಗೆ ಊದಿತ್ತು.

“ಅಣ್ಣಾರ, ಎರಡು ಗಂಟೇಕ ಯಾಕ್ ಕರದ್ರಿ?”

“ಯಾರು, ನಾನಾ?”

“ಮತ್ಯಾರು? ಬಾಗಿಲ ಹೊರಗ ನಿಂತು ‘ನಾನು...... ಬಂದೀನಿ, ಹೊರಗ ಬಾ’ ಅಂದ್ರಿ. ಕದ ತಗದು ಕಟ್ಟಿ ಇಳಿಯೋದ್ರಾಗ ಕಾಲು ಹೊಳ್ಳಿತು. ಯಾರೂ ಇಲ್ಲ!”

ನೋವಿಗೆ ನಡುವೆ ಮಾತು ನುಂಗಿದ ಅಂದುಕೊಂಡ ಹುಲಿಗೇಶ್. “ಕನಸು ಕಂಡೀಯಲೇ,” ಅಂದ. ಟೊಪ್ಪಿಗೆ ಹಾಕಿಕೊಳ್ಳುವಾಗ ಕನ್ನಡಿಯಲ್ಲಿ ತನ್ನನ್ನು ತಾನು ಎರಡು ಸಲ ನೋಡಿಕೊಂಡ.

ಕ್ಲಬ್ಬಿನಲ್ಲಿ ಮೇಲ್ವಿಚಾರಣೆಯವನು ಹಲಗೆಯನ್ನು ಹುಲಿಗೇಶನ ಕೈಗೆ ಕೊಟ್ಟ. “ನಿಮ್ಮ ಷಡ್ಡಕರ ಕೆಲಸ ನೀವ ಮಾಡ್ರಿ. ಏನ್ರೀ ಮಾಸ್ತರ, ಅವಾಗಿಂದ ಒದರಾಕತ್ತೀನಿ, ತಿರುಗಿ ಸೈತ ನೋಡಂಗಿಲ್ಲ!”

“ಗದ್ದಲದಾಗ ಕೇಳಲಿಲ್ರಿ,” ಅಂದ ಹುಲಿಗೇಶ್. ಅವನ ಸುತ್ತ ಗದ್ದಲ ಇರಲಿಲ್ಲ.

ಶನಿವಾರ, ರವಿವಾರ ಅವನು ಹಲಗೆ ಹಿಡಿದು ಹಗ್ಗದ ಒಳಗೆ ನಡೆದ. ಚೆನ್ನಾಗಿಯೇ ಮಾಡಿದ, ಅದನ್ನು ಇಲ್ಲವೆನ್ನಬಾರದು. ಬಿಸಿಲಲ್ಲಿ ಒಮ್ಮೆಯೂ ಹಲಗೆ ಇಳಿಸಲಿಲ್ಲ. ಕೊನೆಯ ಹೋಲಿನಲ್ಲಿ ಜನ ಮೊಬೈಲು ಎತ್ತಿ ಗಲಾಟೆ ಎಬ್ಬಿಸಿದಾಗ ಒಂದೇ ಒಂದು ಸಲ ಕೈ ಎತ್ತಿ “ಶ್” ಅಂದ. ಎರಡು ಸಾವಿರ ಜನ ಗಪ್ಪಾದರು. ಹೊರಗಿನಿಂದ ಬಂದ ಆಟಗಾರ ಅವನ ಕೈ ಕುಲುಕಿ ಹೋದ.

ರವಿವಾರ ಸಂಜೆ ಕ್ಲಬ್ಬಿನ ಮುಂದೆ ಶಾಮಿಯಾನಾ. ಮಾವ ಕಾಡಸಿದ್ದಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಮುಂದಿನ ಸಾಲಿನಲ್ಲಿ. ಅವರ ಪಕ್ಕ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಚನ್ನಬಸವರಾಜ. ಹುಲಿಗೇಶ್ ಹೆಂಡತಿ ಅರುಣಾಳ ಜೊತೆ ಮೂರನೇ ಸಾಲಿನಲ್ಲಿ ಕೂತಿದ್ದ. ಮೈಕಿನಲ್ಲಿ ಗೆದ್ದವರ ಹೆಸರು ಬಂತು, ಎರಡನೆಯವರದು ಬಂತು. ಚಪ್ಪಾಳೆ. ಅವನ ಕಿವಿ ಆ ಮೈಕಿಗೇ ಅಂಟಿಕೊಂಡಿತ್ತು.

“ಈಗ ಅರವತ್ತು ಜನರಾಗ ಒಬ್ರು... ಉತ್ತಮ ಸ್ವಯಂಸೇವಕರು, ಶ್ರೀ......”

ಮೈಕು ಕೆಟ್ಟಿತು ಅನ್ನಿಸಿತು ಅವನಿಗೆ. ಬರೀ ಮೌನ. ಮರುಗಳಿಗೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಯಾರು? ಹುಲಿಗೇಶ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಯಾರೂ ಎದ್ದಿರಲಿಲ್ಲ. ಮುಂದಿನ ಸಾಲಿನಲ್ಲಿ ಚನ್ನಬಸವರಾಜ ಹಲ್ಲು ಬಿಟ್ಟು ನಗುತ್ತ ಚಪ್ಪಾಳೆ ಹೊಡೆಯುತ್ತಿದ್ದ. ಮಾವ ಕಣ್ಣೊರೆಸಿಕೊಳ್ಳುತ್ತಿದ್ದರು. ಸರಿ, ಇವನದೇ. ಎರಡು ದಿನ ಮಂಚದ ಮೇಲೆ ಮಲಗಿದವನಿಗೇ ಕೊಟ್ಟರು. ಕಾಲು ಹೋದರೂ ಹೆಸರು ಅವನದೇ. ಹುಲಿಗೇಶ್ ಕೈ ಕಟ್ಟಿಕೊಂಡು ಕೂತ. ಚಪ್ಪಾಳೆ ತಟ್ಟಲಿಲ್ಲ.

“ಶ್ರೀ......” ಎರಡನೇ ಸಲ. “ಶ್ರೀ...... ವೇದಿಕೆಗೆ ಬರಬೇಕು.” ಮೂರನೇ ಸಲ.

ಜನ ಈಗ ಅವನ ಕಡೆಗೇ ತಿರುಗಿ ನೋಡುತ್ತಿದ್ದರು. ಮಾವನೂ ತಿರುಗಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಕಣ್ಣು ದೊಡ್ಡ ಅಳಿಯನ ಮೇಲೆ ಹಾಗೆ ನಿಂತಿತ್ತು. ಹಂಗಿಸುತ್ತಿದ್ದಾರೆ ಅಂದುಕೊಂಡ ಹುಲಿಗೇಶ್ ಮುಖ ಹೊರಳಿಸಿದ.

ಅರುಣಾ ಅವನ ತೋಳು ಹಿಡಿದು ಅಲುಗಿಸಿದಳು. “ರೀ, ಏಳ್ರಿ. ಅಪ್ಪಾರು ನೋಡಾಕತ್ಯಾರ.”

“ನಾ ಯಾಕ್ ಏಳಲಿ?”

“ನಿಮ್ಮ ಹೆಸರ ಕರಿಯಾಕತ್ತಿದ್ದು!”

“ಚ್ಯಾಷ್ಟಿ ಮಾಡ್ತೀಯೇನು? ಯಾರ್ ಕರದ್ರು? ಏನಂತ ಕರದ್ರು, ನೀನ ಹೇಳು ನೋಡೋಣ.”

ಗಂಡನ ಹೆಸರನ್ನು ಆಕೆ ಮದುವೆಯ ದಿನ ಒಡಪಿನ ಪದ್ಯದಲ್ಲಿ ಹೆಣೆದು ಹೇಳಿದ್ದೇ ಕೊನೆ. ಹತ್ತೊಂಬತ್ತು ವರ್ಷ ‘ರೀ’ ಅಂದವಳು, ‘ಮಾಸ್ತರು’ ಅಂದವಳು. ಆದರೆ ಅಂದು ಆತನ ಮುಖ ನೋಡಿ ಆಕೆಗೆ ಏನೋ ಹೆದರಿಕೆಯಾಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು, ಅವನ ಕಿವಿಯ ಹತ್ತಿರ ಬಾಗಿ, ಹೇಳಿದಳು.

“ಏನು?” ಅಂದ.

ಸೆರಗು ತೆಗೆದು ಗಟ್ಟಿಯಾಗಿ ಹೇಳಿದಳು. ಅಕ್ಕಪಕ್ಕದವರಿಗೆಲ್ಲ ಕೇಳಿಸಿತು. ಅವನಿಗೆ ಆಕೆಯ ತುಟಿ ಬಿಚ್ಚಿದ್ದು ಕಂಡಿತು, ಮುಚ್ಚಿದ್ದು ಕಂಡಿತು.

ಇದು ಕಟ್ಟಿ ಹೇಳುವ ಮಾತಲ್ಲ. ಅರುಣಾ ಇದ್ದಾಳೆ, ಹೋಗಿ ಕೇಳಬಹುದು. ಅವನ ಕಿವಿಗೆ ಮಿಕ್ಕಿದ್ದೆಲ್ಲ ಕೇಳುತ್ತದೆ... ಇರುವೆ ಹರಿದರೂ ಕೇಳುತ್ತದೆ ಅಂತ ಆಕೆಯೇ ಹೇಳುತ್ತಾಳೆ. ಆ ಸಂಜೆ ಮಾತ್ರ ಆಕೆ ಆ ಒಂದು ಹೆಸರನ್ನು ಏಳು ಸಲ ಹೇಳಿದಳು. ಏಳನೆಯ ಸಲ ಅವನು, ಅಷ್ಟು ಜನರ ಎದುರಿಗೆ, ಹೆಂಡತಿಯ ತುಟಿಯ ಮೇಲೆ ಬೆರಳಿಟ್ಟು ಅದು ಎಲ್ಲಿದೆಯೆಂದು ತಡಕಾಡಿದ. ಸಿಗಲಿಲ್ಲ.

ಕೂಲಿ ಮುಟ್ಟಿಹೋಗಿತ್ತು.