ಜಾಲಿ ಬಿತ್ತಿದವರು

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಂಡೂರು ಬಸ್ಸಿಗೆ ಕಾದು ಕಾದು ನೀಲಗಂಗಮ್ಮನ ಕಾಲು ಜೋಮು ಹಿಡಿದಿತ್ತು. ಪಕ್ಕದ ಬೆಂಚಿನಲ್ಲಿ ರೈತನೊಬ್ಬ, ಕಂಬಳಿ ಹೊದ್ದ ಕುರಿಗಾರನನ್ನು ತರಾಟೆಗೆ ತೆಗೆದುಕೊಂಡಿದ್ದ. ಬೇಡವೆಂದರೂ ಅವಳ ಕಿವಿ ಅತ್ತಲೇ ಹೋಯಿತು.

“ಹುಲುಗಪ್ಪ, ಖರೇ ಹೇಳು. ಬ್ಯಾಸಿಗ್ಯಾಗ ನಿನ್ನ ಕುರಿ ನಮ್ಮ ಹೊಲದಾಗ ಮಲಗಿದ್ವಲ್ಲ, ಆಗ ನಮ್ಮಣ್ಣ ಬಂದು ಜಾಲಿ ಬೀಜ ಚೆಲ್ಲಿದ್ನೇನು?”

“ಇಲ್ರಿ ಗೌಡ್ರ. ಯಾರರ ಬಂದಿದ್ರ ನಮ್ಮ ನಾಯಿ ಬಿಡ್ತಿದ್ವೇನ್ರಿ?”

“ಜೆಸಿಬಿ ಹಚ್ಚಿ ಜಾಲಿ ಬೇರುಸಮೇತ ಕೀಳಿಸಿದ ಹೊಲ ಅದು. ಗೊಬ್ಬರ ಆಗ್ಲಿ ಅಂತ ರಾತ್ರಿ ಹೊತ್ತು ನಿನ್ನ ಕುರಿ ಅಲ್ಲೇ ತರುಬಿಸಿದೆ. ಮಳಿ ಬಿದ್ದ ಕೂಡ್ಲೇ ಹೊಲದ ತುಂಬ ಮತ್ತ ಜಾಲಿ ಸಸಿ! ಎಲ್ಲಿಂದ ಬಂತು?”

“ನನಗೂ ತಿಳೀವಲ್ದು.”

“ಹಗಲೊತ್ತು ಕುರಿ ಎಲ್ಲಿ ಮೇಯಿಸ್ತಿದ್ದಿ?”

“ಬ್ಯಾಸಿಗ್ಯಾಗ ಹುಲ್ಲೆಲ್ಲಿ ಐತ್ರಿ? ಕಾಲುವಿ ದಂಡಿ ಜಾಲಿ ಕೆಳಗ. ಕಾಯಿ ಭಾಳ ಸಿಹಿ ಇರ್ತಾವ. ತಿಂದು ತಿಂದು ಮಸ್ತ್ ಕೊಬ್ಬಿದ್ವು.”

“ಬೀಜ?”

“ಬೀಜ ಗಟ್ಟಿ ಇರ್ತಾವ್ರಿ, ಅರಗಂಗಿಲ್ಲ. ಹಿಕ್ಕಿಯಾಗ ಹಂಗ…”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಂದ್ರ, ಕರೆಸಿ ಬಿತ್ತಿಸಿದಾವ ನಾನ?”

“ನನಗೇನು ಗೊತ್ರಿ. ಕಂಪ್ಲಿ ಬಸ್ ಬಂತು, ಹತ್ರಿ.”

“ತಡಿಯೋ. ಇದ ಸಿಟ್ಟಿಗೆ ನಮ್ಮಣ್ಣನ ಮಗಳ ಲಗ್ನಕ್ಕ ನಾನು ಹೋಗಲಿಲ್ಲಲ್ಲೋ!”

ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತುಬಿಟ್ಟಿದ್ದ ರೈತನನ್ನು ಹಿಂದಿನ ಜನ ಬಸ್ಸಿನೊಳಕ್ಕೆ ತಳ್ಳಿದರು.